ಪ್ರತಿಷ್ಠಾಪನೆ ಮತ್ತು ವಿಸರ್ಜನೆ

ಹೋದ ವರ್ಷ ಶಾಲೆ ಶುರುವಾದ ಹೊಸದರಲ್ಲಿ ನಮ್ಮ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯವರು ನನ್ನನ್ನು ಸಮಾರಂಭವೊಂದಕ್ಕೆ ಕರೆದಿದ್ದರು. ನಿವೃತ್ತ ಮೇಷ್ಟ್ರುಗಳಿಗೆ ಇಂಥ ಕರೆ ಬರುವುದು ಅಪರೂಪವೇನಲ್ಲ. ವೇದಿಕೆಯ ಮೇಲೆ ಕುರ್ಚಿ ಖಾಲಿ ಉಳಿದರೆ ಚೆನ್ನಾಗಿ ಕಾಣುವುದಿಲ್ಲ ಎಂಬ ಕಾರಣಕ್ಕೂ ನಮ್ಮನ್ನು ನೆನೆಯುತ್ತಾರೆ. ಈ ಸಲ ಮಾತ್ರ ನೋಡಲೇಬೇಕಾದದ್ದು ಒಂದಿತ್ತು. ಶಾಲೆಯ ಅಂಗಳದ ನಡುವೆ ಒಂದು ಆನೆ ನಿಂತಿತ್ತು.

ಆಳೆತ್ತರದ ಆನೆ. ಮೈಯೆಲ್ಲ ನೀರಿನ ಬಾಟಲಿ. ಕಿವಿ ಸೈಕಲ್ ಟೈರಿನದು. ಸೊಂಡಿಲು ತೋಟಕ್ಕೆ ನೀರು ಬಿಡುವ ಕಪ್ಪು ಪೈಪಿನದು. ಕಾಲಿಗೆ ಸ್ಕೂಟರಿನ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕಣ್ಣಿಗೆ ಹಳೆಯ ಸೀಡಿ. ಪಟ್ಟಣದಿಂದ ಬಂದ ಕಲಾವಿದರೊಬ್ಬರು ಹತ್ತು ಹನ್ನೆರಡು ದಿನ ಅಲ್ಲೇ ಉಳಿದು ಕಟ್ಟಿದ್ದಂತೆ. ಕೆಲಸ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆನೆ ಒಂದು ಹೆಜ್ಜೆ ಮುಂದಿಟ್ಟು ನಿಂತು ಯಾರನ್ನೋ ಕಾಯುವಂತಿತ್ತು. ಪ್ಲಾಸ್ಟಿಕ್ಕಿನಲ್ಲಿ ಆ ನಿಲುವನ್ನು ಹಿಡಿಯುವುದು ಸುಲಭವಲ್ಲ. ಬೆಳಗಿನ ಬಿಸಿಲು ಬಿದ್ದಾಗ ಬಾಟಲಿಗಳ ಮೈ ಹೊಳೆದು ಆನೆ ಈಗಷ್ಟೇ ಹೊಳೆಯಿಂದ ಎದ್ದು ಬಂದಂತೆ ಕಾಣುತ್ತಿತ್ತು.

ಆನೆಯ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಹಗ್ಗಕ್ಕೆ ಒಂದು ಬೋರ್ಡು: ಮುಟ್ಟಬಾರದು. ಮಕ್ಕಳು ಹಗ್ಗದಾಚೆ ಸಾಲಾಗಿ ಕೈಕಟ್ಟಿ ನಿಂತಿದ್ದರು. ನೀವೇನು ಮಾಡಿದಿರಿ ಎಂದು ಒಂದು ಹುಡುಗಿಯನ್ನು ಕೇಳಿದೆ. ‘ಬಾಟ್ಲಿ ತೊಳೆದು ಕೊಟ್ವಿ ಸಾರ್’ ಎಂದಳು. ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ತೆಗೆದದ್ದಾಯಿತು. ನನ್ನನ್ನೂ ಎರಡು ಮಾತಾಡಿ ಎಂದರು. ಕಸದಿಂದ ರಸ, ಪರಿಸರ ಪ್ರಜ್ಞೆ, ಕಲಿಕೆಗೆ ಹೊಸ ವಾತಾವರಣ ಎಂದೆಲ್ಲ ಮಾತಾಡಿದೆ. ಚಪ್ಪಾಳೆ ಬಿತ್ತು. ವಾಪಸು ಬರುವ ಬಸ್ಸಿನಲ್ಲಿ ಮನಸ್ಸಿಗೆ ಸಮಾಧಾನವಿರಲಿಲ್ಲ. ಯಾಕೆಂದರೆ ಅಂಥದೇ ಬೋರ್ಡನ್ನು ಒಂದು ಕಾಲದಲ್ಲಿ ನಾನೇ ನನ್ನ ಕೈಯಾರೆ ಬರೆದಿದ್ದೆ. ಅಂದು ಆಡದೆ ಉಳಿಸಿಕೊಂಡ ಮಾತೇ ಈ ಬರಹ.

ಇಂಥ ಕೃತಿಗಳಿಗೆ ನಮ್ಮ ಕಲಾವಿಮರ್ಶಕರು ಪ್ರತಿಷ್ಠಾಪನಾ ಕಲೆ ಎಂಬ ಹೆಸರಿಟ್ಟಿದ್ದಾರೆ. ಇಂಗ್ಲಿಷಿನ ಇನ್‌ಸ್ಟಲೇಶನ್ ಎಂಬ ಮಾತಿಗೆ ಒಪ್ಪುವ ಪದವೇ. ಆದರೆ ಕನ್ನಡಕ್ಕೆ ಬಂದೊಡನೆ ಅದಕ್ಕೆ ಗರ್ಭಗುಡಿಯ ವಾಸನೆ ಹತ್ತಿಕೊಳ್ಳುತ್ತದೆ. ಶಿಲ್ಪಿ ಕೆತ್ತುವವರೆಗೆ ಕಲ್ಲು ಎಲ್ಲರದು; ಅದರ ಮೇಲೆ ಕೂತು ಅವನು ಬುತ್ತಿ ಉಣ್ಣುತ್ತಾನೆ. ಪ್ರತಿಷ್ಠೆಯಾದ ಮೇಲೆ ಕೆತ್ತಿದವನೂ ಹೊರಗೆ ನಿಂತು ಕೈಮುಗಿಯಬೇಕು. ಶಾಲೆಯ ಅಂಗಳಕ್ಕೆ ಆನೆಯ ಜೊತೆ ಈ ವಿಧಿಯೂ ಬಂದುಬಿಟ್ಟಿದೆಯೇ ಎಂಬುದು ನನ್ನ ಅನುಮಾನ.

ಈಗ ನನ್ನ ಕತೆ ಹೇಳಬೇಕು. 2013ರ ಸುಮಾರಿಗೆ ನಾನು ಕಾಫಿ ತೋಟಗಳ ನಡುವಿನ ಒಂದು ಶಾಲೆಯಲ್ಲಿದ್ದೆ. ಎಲ್ಲ ಕಡೆ ‘ಕಸದಿಂದ ರಸ’ದ ಸ್ಪರ್ಧೆಗಳು ನಡೆಯುತ್ತಿದ್ದವು. ನಾವೂ ಏನಾದರೂ ಮಾಡಬೇಕೆಂದು ಬಿದಿರಿನ ಕಾಂಡಕ್ಕೆ ಬಾಟಲಿಗಳ ಎಲೆ ಕಟ್ಟಿ ಒಂದು ಮರ ಮಾಡುವುದೆಂದು ನಿಶ್ಚಯಿಸಿದೆವು. ಒಬ್ಬೊಬ್ಬರು ಹತ್ತು ಖಾಲಿ ಬಾಟಲಿ ತರಬೇಕೆಂದು ನಾನು ಫರ್ಮಾನು ಹೊರಡಿಸಿದೆ. ಅಂಗಡಿ ಇಟ್ಟವರ ಮಕ್ಕಳು ಮಾರನೆಯ ದಿನವೇ ತಂದರು. ಇನ್ನು ಕೆಲವರ ಮನೆಯಲ್ಲಿ ದೊಡ್ಡ ಬಾಟಲಿ ಪಾನೀಯ ಕೊಂಡು, ಕುಡಿದಷ್ಟು ಕುಡಿದು, ಉಳಿದದ್ದನ್ನು ಚೆಲ್ಲಿ ಕಳಿಸಿದ್ದರೆಂದು ಆಮೇಲೆ ತಿಳಿಯಿತು. ಅಂದರೆ ಕಸದಿಂದ ರಸ ಮಾಡುವುದಕ್ಕಾಗಿ ರಸವನ್ನು ಚೆಲ್ಲಿ ಕಸ ಮಾಡಿದ್ದರು.

ಐದನೆಯ ಕ್ಲಾಸಿನ ಒಬ್ಬ ಹುಡುಗ ಮಾತ್ರ ಬರಿಗೈಯಲ್ಲಿ ಬಂದ.

‘ಎಲ್ಲೋ ನಿನ್ನ ಬಾಟ್ಲಿ?’

‘ನಮ್ಮನೇಲಿ ಖಾಲಿ ಬಾಟ್ಲಿ ಇಲ್ಲ ಸಾರ್.’

‘ಒಂದೂ ಇಲ್ವೇನೋ?’

‘ಅವೆ ಸಾರ್. ಆದ್ರೆ ಖಾಲಿ ಇಲ್ಲ.’

ಒಂದರಲ್ಲಿ ಅಡುಗೆ ಎಣ್ಣೆ, ಒಂದರಲ್ಲಿ ಸೀಮೆಎಣ್ಣೆ, ಎರಡರಲ್ಲಿ ಅಪ್ಪ ಅಮ್ಮ ತೋಟದ ಕೆಲಸಕ್ಕೆ ಒಯ್ಯುವ ನೀರು. ಹುಡುಗ ಲೆಕ್ಕ ಒಪ್ಪಿಸಿದ. ಕ್ಲಾಸು ನಕ್ಕಿತು. ನಾನೂ ನಕ್ಕೆ.

ಮರ ಎದ್ದು ನಿಂತಿತು. ಹಸಿರು ಬಣ್ಣ ಹೊಡೆದೆವು. ಬಂದವರೆಲ್ಲ ಮೆಚ್ಚಿದರು. ನಾಲ್ಕು ದಿನದ ಮೇಲೆ ನೋಡಿದರೆ ಕೆಳಗಿನ ಕೊಂಬೆಯಲ್ಲಿ ಎರಡು ಬಾಟಲಿ ಇಲ್ಲ. ಹುಡುಕಿದಾಗ ಅದೇ ಹುಡುಗನ ಚೀಲದಲ್ಲಿ ಸಿಕ್ಕವು. ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಮರದ ಪಕ್ಕದಲ್ಲಿ ನಿಲ್ಲಿಸಿದೆ. ಮಾರನೆಯ ದಿನ ಅವನ ತಾಯಿ ಬಂದರು. ಸೆರಗಿನಡಿಯಿಂದ ಮೂರನೆಯದೊಂದು ಬಾಟಲಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ವಾರವೇ ಹುಡುಗ ಅದನ್ನು ಒಯ್ದಿದ್ದನಂತೆ. ನನಗೆ ಅದು ಗೊತ್ತೇ ಆಗಿರಲಿಲ್ಲ. ‘ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಬೇಡದ್ ಬಾಟ್ಲಿ ಕಟ್ಟವ್ರೆ ಅಂದ ಇವ್ನು. ನನ್ ನೀರಿನ್ ಬಾಟ್ಲಿ ಒಡೆದೋಗಿತ್ತು, ಅದ್ಕೆ ತಂದವ್ನೆ’ ಎಂದರು. ಉಜ್ಜಿ ತೊಳೆದಿದ್ದರು, ನಾನು ಬಳಿಸಿದ ಹಸಿರು ಬಣ್ಣ ಮುಕ್ಕಾಲು ಹೋಗಿತ್ತು.

ನಾನು ಆ ಬಾಟಲಿಯನ್ನು ವಾಪಸು ತೆಗೆದುಕೊಂಡೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯದೆ ಇದ್ದರೆ ಮುಂದಿನ ಮಾತಿಗೆ ಬೆಲೆಯಿಲ್ಲ. ವಾಪಸು ತೆಗೆದುಕೊಂಡು, ಮತ್ತೆ ಬಣ್ಣ ಹೊಡೆಸಿ, ಕೊಂಬೆಗೆ ಕಟ್ಟಿಸಿದೆ. ಮುಟ್ಟಬಾರದು ಎಂಬ ಬೋರ್ಡು ಬರೆದದ್ದು ಅವತ್ತೇ.

ಯಾವುದು ಕಸ ಎಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಕಸವೆಂಬುದು ವಸ್ತುವಿನ ಗುಣವಲ್ಲ. ಅದನ್ನು ಬಿಸಾಡಬಲ್ಲವನ ಸ್ಥಿತಿ. ಬಡವರ ಮನೆಯಲ್ಲಿ ಕಸ ಕಡಿಮೆ. ನಮ್ಮ ಅಜ್ಜಿಯರ ಕಾಲದಲ್ಲಿ ಎಲ್ಲರ ಮನೆಯಲ್ಲೂ ಕಡಿಮೆಯೇ. ಹಳೆ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದು ಒರೆಸುವ ಬಟ್ಟೆಯಾಗುತ್ತಿತ್ತು, ಅದೂ ನಮೆದರೆ ದೀಪದ ಬತ್ತಿ. ಕೌದಿಗಿಂತ ದೊಡ್ಡ ಕಲಾಕೃತಿ ನಮ್ಮ ಹಳ್ಳಿಯ ಮನೆಗಳಲ್ಲಿ ಇರಲಿಲ್ಲ. ಆದರೆ ಅದನ್ನು ಯಾರೂ ಹಗ್ಗ ಕಟ್ಟಿ ನಿಲ್ಲಿಸಲಿಲ್ಲ, ಹೊದ್ದು ಮಲಗಿದರು. ನಮ್ಮ ಶಾಲೆಯಲ್ಲಿ ನಾವು ಮಾಡಿದ್ದು ತಿರುಗುಮುರುಗು. ಮರುಬಳಕೆ ಎಂದು ಹೆಸರಿಟ್ಟು, ಬಳಕೆಯಲ್ಲಿರಬಹುದಾಗಿದ್ದ ಬಾಟಲಿಯ ಬಳಕೆಯನ್ನು ನಿಲ್ಲಿಸಿದೆವು. ಗುಜರಿ ಅಂಗಡಿಗೆ ಹೋಗಿದ್ದರೂ ಅದಕ್ಕೆ ಒಂದು ಮುಂದಿನ ಜನ್ಮವಿತ್ತು.

ಈ ವಿಷಯದಲ್ಲಿ ನನಗಿಂತ ಮೊದಲು ಯೋಚಿಸಿದವರು ಯಾರಾದರೂ ಇದ್ದಾರೆಯೇ ಎಂದು ನಿವೃತ್ತಿಯ ಮೇಲೆ ಹುಡುಕಿ ಓದತೊಡಗಿದೆ. ಕಸದ ಕಲೆಯ ಮಾತು ಬಂದಾಗ ನಮ್ಮಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಚಂಡೀಗಢದ ನೇಕ್ ಚಂದ್ ಅವರದು. ರಸ್ತೆ ಇಲಾಖೆಯ ಸಾಮಾನ್ಯ ನೌಕರರಾಗಿದ್ದ ಅವರು 1950ರ ದಶಕದ ಕೊನೆಯಿಂದ ಕಾಡಿನ ಒಂದು ಮೂಲೆಯಲ್ಲಿ, ಯಾರಿಗೂ ತಿಳಿಯದಂತೆ, ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲುಗಳನ್ನು ಕೂಡಿಸಿ ಮನುಷ್ಯರನ್ನೂ ಪ್ರಾಣಿಗಳನ್ನೂ ಮಾಡುತ್ತ ಹೋದರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷವೂ ಅದರಲ್ಲಿತ್ತು. ಸರ್ಕಾರದ ಕಣ್ಣಿಗೆ ಬಿದ್ದದ್ದು ಹದಿನೈದು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ. 1976ರಲ್ಲಿ ಅದು ರಾಕ್ ಗಾರ್ಡನ್ ಎಂದು ಜನರಿಗೆ ತೆರೆಯಿತು. ದೊಡ್ಡ ಕೃತಿ. ಆದರೆ ಶಾಲೆಗಳು ಅದರಿಂದ ಕಲಿತದ್ದು ತಪ್ಪು ಪಾಠ ಎಂದು ನನಗೆ ಅನಿಸುತ್ತದೆ. ಆರಿಸುವ, ವಿಂಗಡಿಸುವ, ಇಟ್ಟು ನೋಡಿ ತೆಗೆಯುವ ಸುಖವನ್ನೆಲ್ಲ ನೇಕ್ ಚಂದ್ ಉಂಡರು. ನಾವು ಮಕ್ಕಳಿಗೆ ಕೊಡುತ್ತಿರುವುದು ಉಂಡೆದ್ದ ಎಲೆ. ಅವರ ತೋಟವನ್ನು ನಕಲು ಮಾಡುತ್ತೇವೆ, ಅವರ ಆ ಹದಿನೈದು ವರ್ಷಗಳನ್ನಲ್ಲ.

ಇದಕ್ಕೆ ಸರಿಯಾದ ಎದುರು ಉದಾಹರಣೆ ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ. ಸೋರೆನ್ಸೆನ್ ಎಂಬ ಉದ್ಯಾನ ವಿನ್ಯಾಸಕಾರ ಮಕ್ಕಳಿಗಾಗಿ ಚಂದದ ಆಟದ ಬಯಲುಗಳನ್ನು ರೂಪಿಸುತ್ತಿದ್ದವನು. ಮಕ್ಕಳು ಅವನ ಬಯಲನ್ನು ಬಿಟ್ಟು, ಮನೆ ಕಟ್ಟುವ ಜಾಗಗಳಲ್ಲೂ ಹಳೆ ಸಾಮಾನು ಬಿದ್ದ ಕಡೆಯಲ್ಲೂ ಆಡುವುದನ್ನು ಕಂಡ. ಸಿಟ್ಟಾಗುವುದರ ಬದಲು ಆಲೋಚಿಸಿ, ಗುಜರಿಯದೇ ಒಂದು ಆಟದ ಬಯಲು ಯಾಕಾಗಬಾರದು ಎಂದು 1931ರಲ್ಲಿ ಬರೆದ. ಅದು ಕೈಗೂಡಿದ್ದು 1943ರಲ್ಲಿ, ದೇಶ ಜರ್ಮನರ ಹಿಡಿತದಲ್ಲಿದ್ದಾಗ, ಕೋಪನ್‌ಹೇಗನ್ನಿನ ಎಮ್ಡ್ರುಪ್ ಎಂಬಲ್ಲಿ. ಅಲ್ಲಿ ಕಟ್ಟಿದ ಆಟಿಕೆ ಇರಲಿಲ್ಲ. ಹಲಗೆ, ಇಟ್ಟಿಗೆ, ಮೊಳೆ, ಸುತ್ತಿಗೆ, ಜೊತೆಗೆ ಒಬ್ಬ ದೊಡ್ಡವನು, ಅಷ್ಟೇ. ಮಕ್ಕಳು ಗುಡಿಸಲು ಕಟ್ಟಿದರು, ಗುಂಡಿ ತೋಡಿದರು, ಕಟ್ಟಿದ್ದನ್ನು ಕೆಡವಿದರು, ಮತ್ತೆ ಕಟ್ಟಿದರು. ತಾನು ಮಾಡಿದ್ದರಲ್ಲೆಲ್ಲ ಅತಿ ಕುರೂಪವಾದದ್ದೂ ಅತಿ ಒಳ್ಳೆಯದೂ ಅದೇ ಎಂಬ ಭಾವ ಸೋರೆನ್ಸೆನ್‌ನಿಗೆ ಇತ್ತು. ಚಂದ ಮತ್ತು ಒಳಿತು ಯಾವಾಗಲೂ ಒಂದೇ ಅಲ್ಲ ಎಂದು ಒಪ್ಪಿಕೊಳ್ಳುವುದು ವಿನ್ಯಾಸಕಾರನಿಗೆ ಸಣ್ಣ ಮಾತಲ್ಲ.

ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟವನು ಸೈಮನ್ ನಿಕಲ್ಸನ್. 1971ರ ಒಂದು ಲೇಖನದಲ್ಲಿ ಅವನು ‘ಬಿಡಿ ಭಾಗಗಳ’ ಮಾತನ್ನು ಎತ್ತಿದ. ಒಂದು ಜಾಗದಲ್ಲಿ ಸರಿಸಬಹುದಾದ, ಜೋಡಿಸಬಹುದಾದ, ಬದಲಿಸಬಹುದಾದ ವಸ್ತುಗಳು ಎಷ್ಟಿವೆಯೋ ಎಷ್ಟು ಬಗೆಯವೋ ಅಷ್ಟರ ಮಟ್ಟಿಗೆ ಅಲ್ಲಿನವರು ಹೊಸದನ್ನು ಕಂಡುಕೊಳ್ಳಬಲ್ಲರು ಎಂಬುದು ಅವನ ಮಾತಿನ ತಿರುಳು. ಕಲಾವಿದರು, ವಾಸ್ತುಶಿಲ್ಪಿಗಳು ಕಟ್ಟುವ ಸುಖವನ್ನೆಲ್ಲ ತಾವೇ ಅನುಭವಿಸಿ, ಮಕ್ಕಳಿಗೆ ಮುಗಿದ ವಸ್ತುವನ್ನು ಒಪ್ಪಿಸಿ ವಂಚಿಸುತ್ತಾರೆ ಎಂದು ಅವನು ವಾದಿಸಿದ. ಈ ಮಾತು ಕಲೆಯ ಮೇಲಿನ ಅಸಡ್ಡೆಯಿಂದ ಬಂದದ್ದಲ್ಲ. ಅವನು ಬಾರ್ಬರಾ ಹೆಪ್‌ವರ್ತ್ ಎಂಬ ದೊಡ್ಡ ಶಿಲ್ಪಿಯ ಮಗ. ಶಿಲ್ಪಗಳ ನಡುವೆ ಬೆಳೆದವನಿಗೇ ಇದು ಹೊಳೆದದ್ದು ಸಹಜ.

ಹಾಗಾದರೆ ಶಾಲೆಯಲ್ಲಿ ಚಂದಕ್ಕೆ ಜಾಗವೇ ಇಲ್ಲವೇ? ಇದೆ ಎಂಬುದಕ್ಕೆ ಇಟಲಿಯ ರೆಜಿಯೊ ಎಮಿಲಿಯಾ ಊರಿನ ಶಿಶುಶಾಲೆಗಳು ಸಾಕ್ಷಿ. ಅವುಗಳ ಹುಟ್ಟೇ ಹಳೆ ಸಾಮಾನಿನಿಂದ. 1945ರಲ್ಲಿ ಯುದ್ಧ ಮುಗಿದಾಗ ಅಲ್ಲಿಯ ಹಳ್ಳಿಯೊಂದರ ಜನ, ಓಡಿಹೋದ ಸೈನ್ಯ ಬಿಟ್ಟುಹೋಗಿದ್ದ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಮಾರಿ, ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆ ಆರಿಸಿ, ತಮ್ಮ ಕೈಯಾರೆ ಶಾಲೆ ಕಟ್ಟಿದರು. ಅದನ್ನು ನೋಡಲು ಸೈಕಲ್ಲಿನಲ್ಲಿ ಬಂದ ಲೋರಿಸ್ ಮಲಗುಝಿ ಎಂಬ ಯುವಕ ಶಿಕ್ಷಕ ಮುಂದೆ ಆ ಶಾಲೆಗಳಿಗೆಲ್ಲ ದಾರಿ ತೋರಿದ. ಸುತ್ತಲಿನ ಜಾಗವನ್ನೂ ಒಬ್ಬ ಶಿಕ್ಷಕನೆಂದೇ ಅಲ್ಲಿ ಎಣಿಸುತ್ತಾರೆ. 1996ರಲ್ಲಿ ಆ ಊರಿನಲ್ಲಿ ರೆಮಿಡಾ ಎಂಬ ಕೇಂದ್ರ ಶುರುವಾಯಿತು. ಕಾರ್ಖಾನೆಗಳಲ್ಲಿ ಉಳಿದ ಕಾಗದ, ಬಟ್ಟೆ, ರಬ್ಬರು, ಲೋಹದ ತುಂಡುಗಳನ್ನು ತಂದು, ವಿಂಗಡಿಸಿ, ಬಣ್ಣ ಆಕಾರ ಕಾಣುವ ಹಾಗೆ ಕಪಾಟಿನಲ್ಲಿ ಜೋಡಿಸಿ ಶಾಲೆಗಳಿಗೆ ಕೊಡುವುದು ಅದರ ಕೆಲಸ. ನಾನು ಗಮನಿಸಿದ ವ್ಯತ್ಯಾಸ ಇದು: ಅಲ್ಲಿ ಚಂದವಾಗಿ ಇಡುವುದು ಕಟ್ಟಿದ ಆನೆಯನ್ನಲ್ಲ, ಕಟ್ಟಬಹುದಾದ ಸಾಮಾನನ್ನು. ಇನ್ನೊಂದು, ಆ ಸಾಮಾನು ಬರುವುದು ಕಾರ್ಖಾನೆಯಿಂದ; ಮಗುವಿನ ಮನೆಯ ಬಾಟಲಿ ಎಣಿಸಿ ಯಾರೂ ನಗುವುದಿಲ್ಲ.

ಹಾಗೆಂದು ಎಲ್ಲವನ್ನೂ ಹೊರಗಿನಿಂದ ಕಲಿಯಬೇಕಾಗಿಲ್ಲ. ನಮ್ಮ ದೇಶದ ಅರವಿಂದ ಗುಪ್ತ ಅವರು 1978ರಲ್ಲಿ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದಾಗ ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವಿನ ರಬ್ಬರು ಕೊಳವೆಯ ತುಂಡುಗಳಿಂದ ಜೋಡಿಸಿ ತ್ರಿಕೋನ, ಘನಾಕೃತಿ ಮಾಡುವುದನ್ನು ತೋರಿಸಿಕೊಟ್ಟರು. ಅದರ ಜೀವಾಳ ಕಡ್ಡಿಯಲ್ಲಿ ಇಲ್ಲ, ಆ ಕೀಲಿನಲ್ಲಿದೆ. ಎಳೆದರೆ ಬಿಚ್ಚುತ್ತದೆ. ಬಿಚ್ಚುವುದರಿಂದಲೇ ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ ಎಂದು ಮಗುವಿನ ಬೆರಳಿಗೆ ತಿಳಿಯುತ್ತದೆ. ನಮ್ಮ ನಲಿ-ಕಲಿ ತರಗತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅದು ತಂದ ದೊಡ್ಡ ಬದಲಾವಣೆ ಕೋಣೆಯದ್ದೂ ಹೌದು. ಮಗುವಿನ ಕೈಗೆಟುಕುವ ಗೋಡೆಹಲಗೆ, ತಾನೇ ಆರಿಸಿಕೊಳ್ಳುವ ಕಾರ್ಡುಗಳು, ಮಕ್ಕಳು ಮಾಡಿದ್ದನ್ನು ತೂಗುಹಾಕುವ ಕಲಿಕಾ ಚಪ್ಪರ. ಚಪ್ಪರ ಎಂಬ ಹೆಸರೇ ಸೊಗಸು. ಚಪ್ಪರವನ್ನು ಹಬ್ಬ ಮುಗಿದ ಮೇಲೆ ಬಿಚ್ಚುತ್ತಾರೆ. ಆದರೆ ವರ್ಷಗಟ್ಟಲೆ ಬಿಚ್ಚದೆ ಜೇಡ ಕಟ್ಟಿದ ಚಪ್ಪರಗಳನ್ನು ನಾನು ನೋಡಿದ್ದೇನೆ. ಅವನ್ನು ಮಾಡಿದ ಮಕ್ಕಳು ಹೈಸ್ಕೂಲು ಸೇರಿದ್ದರು.

ಕಟ್ಟಡವನ್ನೇ ಪಾಠೋಪಕರಣ ಮಾಡುವ ‘ಬಾಲ’ ಎಂಬ ವಿಧಾನವೂ ನಮ್ಮಲ್ಲಿ ಇದೆ. ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಬಾಗಿಲು ತೆರೆಯುವ ಕಡೆ ನೆಲದ ಮೇಲೆ ಕೋನಮಾಪಕ ಬರೆಯುವುದು ಅದರ ಒಂದು ಉಪಾಯ. ಬಾಗಿಲು ದೂಡಿದ ಮಗುವಿಗೆ ಎಷ್ಟು ಡಿಗ್ರಿ ಎಂದು ಕಾಣುತ್ತದೆ. ಬಣ್ಣ ಬಳಿದು ಸ್ಥಿರವಾದದ್ದಾದರೂ ಇದನ್ನು ನಾನು ಒಪ್ಪುತ್ತೇನೆ, ಯಾಕೆಂದರೆ ಮಗು ದೂಡದೆ ಅದಕ್ಕೆ ಅರ್ಥವೇ ಇಲ್ಲ. ಅದೇ ಶಾಲೆಯ ಗೋಡೆಗೆ ಅಂಟಿಸಿದ ಬಾಟಲಿ ಮುಚ್ಚಳಗಳ ನವಿಲಿಗೆ ಮಗುವಿನ ಅಗತ್ಯವಿಲ್ಲ. ಅದು ರಜೆಯಲ್ಲೂ ಅಷ್ಟೇ ಚಂದ.

ಚಂದವೂ ಬಹಳ ಕಾಲ ಇರುವುದಿಲ್ಲ ಎಂಬುದು ನಮ್ಮ ಮರದಿಂದ ಗೊತ್ತಾಯಿತು. ಬೇಸಿಗೆಯ ಬಿಸಿಲಿಗೆ ಬಣ್ಣ ಎದ್ದು ಬಂತು. ದಾರ ಲಡ್ಡಾಯಿತು. ಜೂನಿನ ಮಳೆಗೆ ಬುಡದಲ್ಲಿ ಕಟ್ಟೆಯಂತೆ ಇಟ್ಟಿದ್ದ ಟೈರುಗಳಲ್ಲಿ ನೀರು ನಿಂತಿತು. ಆಶಾ ಕಾರ್ಯಕರ್ತೆ ಬಂದು ಕಡ್ಡಿಯಿಂದ ಕಲಕಿ ತೋರಿಸಿದರು, ಹುಳು ಮಿಜಿಗುಟ್ಟುತ್ತಿದ್ದವು. ಡೆಂಗೀ ತರುವ ಸೊಳ್ಳೆಗೆ ಹಳೆ ಟೈರಿಗಿಂತ ಒಳ್ಳೆಯ ಬಾಣಂತಿಕೋಣೆ ಇಲ್ಲ. ಟೈರು ಇಡುವವರು ತಳದಲ್ಲಿ ತೂತು ಕೊರೆಯಬೇಕು, ಇಲ್ಲವೇ ಮಣ್ಣು ತುಂಬಬೇಕು. ಬಣ್ಣದ ವಿಷಯವೂ ಹಾಗೆಯೇ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಉಗ್ರಾಣದ ಮೂಲೆಯ ಹಳೆ ಡಬ್ಬವನ್ನು ಮಕ್ಕಳ ಕೈಗೆ ಕೊಡುವ ಮುನ್ನ ಇದು ನೆನಪಿರಬೇಕು. ಒಡೆದ ಟ್ಯೂಬ್‌ಲೈಟು, ಹಳೆ ಬ್ಯಾಟರಿ ಬೇಡವೇ ಬೇಡ. ಅನುಗ್ರಹ ಭಾಷಣಗಳಲ್ಲಿ ಈ ಮಾತುಗಳು ಬರುವುದಿಲ್ಲ.

ಮರವನ್ನು ಇಳಿಸಿ ಬಿಸಿಯೂಟದ ಕೋಣೆಯ ಹಿಂದೆ ರಾಶಿ ಹಾಕಿಸಿದೆ. ಗುಜರಿಯವನಿಗೆ ಹೇಳಿ ಕಳಿಸಿದ್ದೂ ಆಯಿತು. ಮಳೆಯಿಂದಾಗಿ ಅವನು ಎರಡು ವಾರ ಬರಲಿಲ್ಲ. ಆ ಎರಡು ವಾರದಲ್ಲಿ ನಡೆದದ್ದೇ ನಾನು ಕಂಡ ನಿಜವಾದ ಪ್ರತಿಷ್ಠಾಪನೆ. ಊಟದ ಬಿಡುವಿನಲ್ಲಿ ಮಕ್ಕಳು ಬಾಟಲಿಗಳ ಬುಡ ಕೊಯ್ದು, ಒಂದರ ಬಾಯಿಗೆ ಒಂದು ತೂರಿಸಿ, ಸೂರಿನ ನೀರು ಬೀಳುವಲ್ಲಿಂದ ಕೈತೋಟದವರೆಗೆ ಒಂದು ಓಣಿ ಕಟ್ಟಿದರು. ಬಿದಿರಿನ ಕವೆಗಳ ಮೇಲೆ ಅದು ನಿಂತಿತ್ತು. ಮೊದಲ ದಿನ ನೀರು ಅರ್ಧಕ್ಕೇ ಚೆಲ್ಲಿತು. ಕವೆ ತಗ್ಗಿಸಿದರು, ಒಂದು ಕಡೆ ಕಿತ್ತು ಇನ್ನೊಂದು ಕಡೆ ಸೇರಿಸಿದರು. ಎಷ್ಟು ಇಳಿಜಾರು ಸಾಕು ಎಂದು ಜಗಳವಾಡಿದರು. ಜಗಳ ತೀರ್ಮಾನ ಮಾಡುತ್ತಿದ್ದವನು ಆ ಹುಡುಗ. ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಎಳೆಯುವವರ ಹಿಂದೆ ಓಡಾಡಿದ ಅನುಭವ ಅವನಿಗಿತ್ತು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಾರೆಂಬ ಹೆದರಿಕೆ. ಮೇಷ್ಟ್ರು ಕಂಡರೆ ನಿಲ್ಲಿಸಬೇಕು ಎಂದು ಅವರಿಗೆ ಕಲಿಸಿದವನೂ ನಾನೇ.

ಆಮೇಲೆ ಗುಜರಿಯವನನ್ನು ವಾಪಸು ಕಳಿಸಿ, ಆ ರಾಶಿಗೆ ಒಂದು ಮೂಲೆ ಬಿಟ್ಟುಕೊಟ್ಟೆ. ಚೂಪಾದದ್ದನ್ನು ತೆಗೆಸಿದೆ, ಕತ್ತಿಯ ಕೆಲಸ ದೊಡ್ಡವರ ಮುಂದೆ ಮಾತ್ರ ಎಂದೆ. ಒಂದೇ ನಿಯಮ: ಶನಿವಾರ ಎಲ್ಲವನ್ನೂ ಬಿಚ್ಚಿ ಜೋಡಿಸಿಡಬೇಕು, ಮನೆಗೆ ಬೇಕಾದವರು ಹೇಳಿ ಒಯ್ಯಬಹುದು. ಆ ಹುಡುಗ ಒಂದನ್ನೂ ಒಯ್ಯಲಿಲ್ಲ. ಅವನ ಲೆಕ್ಕದಲ್ಲಿ ನನ್ನ ಮಾತಿಗೆ ಅಷ್ಟು ನಂಬಿಕೆ ಇನ್ನೂ ಹುಟ್ಟಿರಲಿಲ್ಲ. ಅದನ್ನು ಸರಿಪಡಿಸುವ ಮುನ್ನ ಅವನು ಏಳನೆಯದು ಮುಗಿಸಿ ಹೋದ.

ನಮ್ಮ ಪರಂಪರೆಯಲ್ಲಿ ಪ್ರತಿಷ್ಠಾಪನೆಗೆ ಎರಡು ಮಾದರಿಗಳಿವೆ. ಒಂದು ಗರ್ಭಗುಡಿಯದು, ಸ್ಥಿರ. ಇನ್ನೊಂದು ಗಣಪತಿಯದು. ಮಣ್ಣಿನಲ್ಲಿ ಮಾಡಿ, ಕೂರಿಸಿ, ಕುಣಿದು, ಕೊನೆಗೆ ನೀರಿಗೆ ಬಿಟ್ಟು, ಮುಂದಿನ ವರ್ಷ ಮತ್ತೆ ಹೊಸ ಮಣ್ಣು ಕಲಸುವುದು. ಶಾಲೆಗೆ ಒಗ್ಗುವುದು ಎರಡನೆಯದು. ಪ್ರತಿವರ್ಷ ಹೊಸ ಮಕ್ಕಳು ಬರುವ ಜಾಗದಲ್ಲಿ ಹೋದ ವರ್ಷದವರು ಕಟ್ಟಿದ್ದು ಜಾಗ ತುಂಬಿಕೊಂಡಿದ್ದರೆ ಈ ವರ್ಷದವರಿಗೆ ಉಳಿಯುವುದು ನೋಡುವ ಕೆಲಸ ಮಾತ್ರ.

ಬಸ್ಸಿನಿಂದ ಇಳಿದ ರಾತ್ರಿಯೇ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಕಾಗದ ಬರೆದೆ. ಕಲಾವಿದರ ಕೆಲಸವನ್ನು ಹೊಗಳಿದ್ದರಲ್ಲಿ ಸುಳ್ಳಿಲ್ಲ ಎಂದು ಮೊದಲು ತಿಳಿಸಿದೆ. ಕಾಲಿನ ಟೈರುಗಳಿಗೆ ಮಳೆಗೆ ಮುಂಚೆ ತೂತು ಹಾಕಿಸಿ ಎಂದೆ. ಹಗ್ಗ ಬಿಚ್ಚಿಬಿಡಿ ಎಂದೆ. ಮಕ್ಕಳು ಒಂದು ಕಿವಿ ಕಿತ್ತರೆ ಬೈಯಬೇಡಿ, ಅದು ಏನಾಗುತ್ತದೆಂದು ಒಂದು ವಾರ ಕಾದು ನೋಡಿ ಎಂದೂ ಸೇರಿಸಿದೆ. ಮೂರು ತಿಂಗಳ ಮೇಲೆ ಸಂತೆಯಲ್ಲಿ ಸಿಕ್ಕ ಅವರು ನಗುತ್ತ, ‘ಮೇಷ್ಟ್ರೇ, ನಿಮ್ಮ ಆನೆಗೆ ಈಗ ಸೊಂಡಿಲಿಲ್ಲ’ ಎಂದರು.

ಏನಾಯಿತು ಎಂದೆ.

‘ಒಂದನೇ ಕ್ಲಾಸಿನವು ಟೆಲಿಫೋನು ಮಾಡ್ಕೊಂಡಿವೆ. ಈ ಕೋಣೆಯಿಂದ ಆ ಕೋಣೆಗೆ ಮಾತಾಡ್ತವೆ.’